ಟಂಕಸಾಲೆಯ ತಪ್ಪುಗಳೂ ನಮ್ಮತ್ತೆಯ ರೂಪಾಯಿಯೂ

ತಪ್ಪು ಮಾಡಿದ ಮನುಷ್ಯರನ್ನು ಪೊಲೀಸರು ಹುಡುಕಿಕೊಂಡು ಹೋಗಬೇಕು. ತಪ್ಪಾಗಿ ಹುಟ್ಟಿದ ನಾಣ್ಯಗಳು ಹಾಗಲ್ಲ, ಅವೇ ನನ್ನನ್ನು ಹುಡುಕಿಕೊಂಡು ಬರುತ್ತವೆ. ಬರುವಾಗ ಒಂದು ಪ್ರಸಂಗವನ್ನೂ ಸೆರಗಿಗೆ ಕಟ್ಟಿಕೊಂಡೇ ಬರುತ್ತವೆ. ವಾರಕ್ಕೆ ಒಂದಾದರೂ ನಡೆಯದಿದ್ದರೆ ನಮ್ಮ ಮನೆಯಾಕೆಗೇ ಹೊತ್ತು ಹೋಗುವುದಿಲ್ಲ.

ನಾನು ಚಾಮರಾಜನಗರದ ಕಡೆಯ ಒಂದು ರೇಷ್ಮೆ ಮೊಟ್ಟೆ ಕೇಂದ್ರದಲ್ಲಿ ಮೂವತ್ತು ವರ್ಷ ದುಡಿದವನು. ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು, ಗಾಜಿನ ಮೇಲೆ ಹಚ್ಚಿ, ಮೈಕ್ರೋಸ್ಕೋಪಿನಲ್ಲಿ ರೋಗ ಇದೆಯೋ ಇಲ್ಲವೋ ನೋಡುವುದು ನನ್ನ ಕೆಲಸ. ನಿವೃತ್ತನಾದ ಮೇಲೂ ಕಣ್ಣು ಸುಮ್ಮನಿರಲಿಲ್ಲ. ಒಂದು ಭೂತಗನ್ನಡಿ ಕೊಂಡು ಹಳೇ ನಾಣ್ಯಗಳನ್ನು ನೋಡತೊಡಗಿದೆ. ಟಂಕಸಾಲೆಯಲ್ಲಿ ಲೋಹದ ಬಿಲ್ಲೆಯ ಮೇಲೆ ಅಚ್ಚು ಒತ್ತುವಾಗ ಒಮ್ಮೊಮ್ಮೆ ಬಿಲ್ಲೆ ಸರಿಯುತ್ತದೆ, ಅಚ್ಚು ಬಿರಿಯುತ್ತದೆ, ಕೆತ್ತುವವನ ಕೈ ತಪ್ಪುತ್ತದೆ. ಅಂಥ ನಾಣ್ಯ ಸಿಕ್ಕರೆ ನಮ್ಮಂಥವರಿಗೆ ಹಬ್ಬ. ಚಿಟ್ಟೆಯಲ್ಲಿ ರೋಗ ಕಂಡರೆ ಅದರ ಮೊಟ್ಟೆಯನ್ನೆಲ್ಲ ಸುಡುತ್ತಿದ್ದೆವು. ನಾಣ್ಯದಲ್ಲಿ ರೋಗ ಕಂಡರೆ ಹತ್ತಿಯಲ್ಲಿ ಸುತ್ತಿ ಬೀರುವಿನಲ್ಲಿಡುತ್ತೇವೆ.

ನನ್ನ ಡಬ್ಬಿಯಲ್ಲಿ ಬಗೆಬಗೆಯ ತಪ್ಪುಗಳಿವೆ. ಇಲ್ಲದ್ದು ಒಂದೇ. ಅದು ಹರದನಹಳ್ಳಿಯಲ್ಲಿ ನಮ್ಮತ್ತೆಯ ದೇವರ ಗೂಡಿನಲ್ಲಿದೆ. ಬ್ರಿಟಿಷ್ ದೊರೆಯೊಬ್ಬನ ಬೆಳ್ಳಿ ರೂಪಾಯಿ. ಆ ದೊರೆಯ ಮೊದಲ ವರ್ಷದ ರೂಪಾಯಿಯಲ್ಲಿ ಅವನ ನಿಲುವಂಗಿಯ ಮೇಲೆ ಪುಟ್ಟ ಆನೆಯೊಂದನ್ನು ಕೆತ್ತಿದ್ದರು. ಸೊಂಡಿಲು ಎಷ್ಟು ಮೊಂಡಾಯಿತೆಂದರೆ ಜನ ಅದನ್ನು ಹಂದಿ ಅಂದುಬಿಟ್ಟರು. ಗುಲ್ಲಾಯಿತು. ಸರ್ಕಾರ ಆ ರೂಪಾಯಿಗಳನ್ನು ವಾಪಸು ತರಿಸಿ ಕರಗಿಸಿತು, ಮರುವರ್ಷ ಅಚ್ಚು ತಿದ್ದಿ ಸೊಂಡಿಲು ಬೆಳೆಸಿತು. ಕರಗದೆ ಉಳಿದವು ಕಡಿಮೆ. ಇಸವಿ ಓದಿದರೆ ಯಾವುದೆಂದು ಗೊತ್ತಾಗುತ್ತದೆ. ಆದರೆ ನಮ್ಮತ್ತೆಯ ರೂಪಾಯಿಯನ್ನು ಹಿಂದೆ ಯಾರೋ ಸರಕ್ಕೆ ಪೋಣಿಸಲು ಕೊಂಡಿ ಬೆಸೆದಿದ್ದಾರೆ. ಇಸವಿಯ ಕೊನೆಯ ಅಂಕಿ ಆ ಬೆಸುಗೆಯ ಕೆಳಗೆ ಹೂತಿದೆ. ಮುಂಭಾಗದ ಮೇಲೆ ಅರಿಶಿನ ಕುಂಕುಮ ಮೆತ್ತಿರುತ್ತಿತ್ತು. ಒಳಗಿರುವುದು ಆನೆಯೋ ಹಂದಿಯೋ ಅನ್ನುವ ಚಿಂತೆಯಲ್ಲೇ ನನಗೆ ಎರಡು ಮೂರು ವರ್ಷ ಊಟ ಸೇರಲಿಲ್ಲ. ಸೇರುತ್ತಿತ್ತು ಅಂತ ಮನೆಯಾಕೆ ಹೇಳುತ್ತಾಳೆ, ನಂಬಬೇಡಿ.

೧. ಉಬ್ಬು ಗೆರೆ

ನಮ್ಮ ಬೀದಿಯಲ್ಲಿ ಈರುಳ್ಳಿ ದಲ್ಲಾಳಿಯೊಬ್ಬರಿದ್ದಾರೆ. ದಿನಾ ಬೆಳಿಗ್ಗೆ ಗುಂಡ್ಲುಪೇಟೆ ಮಾರುಕಟ್ಟೆಗೆ ಹೋಗಿ ಬರುತ್ತಾರೆ. ಬಸ್ಸಿನಲ್ಲಿ ಕೂತಷ್ಟು ಹೊತ್ತೂ ಮೊಬೈಲಿನಲ್ಲಿ ‘ಈ ನಾಣ್ಯ ನಿಮ್ಮಲ್ಲಿದ್ದರೆ ನೀವೇ ಲಕ್ಷಾಧಿಪತಿ’ ಅನ್ನುವ ವಿಡಿಯೋ ನೋಡುವುದು. ಒಂದು ದಿನ ಹಳೇ ಎಂಟಾಣೆ ಹಿಡಿದು ಬಂದರು.

“ಸಾ, ಇದ್ರ ಮ್ಯಾಲೆ ಒಂದು ಗೆರೆ ಅದೆ, ವಸಿ ನೋಡಿ.”

ಇಂಥವರಿಗೆ ಹೇಳಲು ನನ್ನ ಹತ್ತಿರ ಒಂದು ಪಾಠ ಸಿದ್ಧವಿದೆ. ಗೆರೆ ತಗ್ಗಾಗಿದ್ದರೆ ಅದು ಬರೀ ಗೀರು, ಕಾಸಿನ ಪ್ರಯೋಜನವೂ ಇಲ್ಲ. ಅಚ್ಚು ಬಿರುಕು ಬಿಟ್ಟಿದ್ದರೆ ಲೋಹ ಆ ಬಿರುಕಿನೊಳಗೆ ಹೋಗಿ ನಾಣ್ಯದ ಮೇಲೆ ಗೆರೆ ಉಬ್ಬುತ್ತದೆ. ಪಾಠ ಮುಗಿಸಿ ಉಗುರು ಆಡಿಸಿದೆ. ಉಗುರು ತಡೆಯಿತು. ಸಿಂಹದ ಗಲ್ಲದಿಂದ ಅಂಚಿನವರೆಗೂ ಉಬ್ಬು ಗೆರೆ.

“ಅಚ್ಚು ಬಿರುಕು,” ಎಂದೆ.

“ಸೈಟು ತಕಬೋದಾ ಸಾ?”

“ಸೈಟು ಆಗಲ್ಲ. ಮನೆಯವರಿಗೆ ಒಂದು ಒಳ್ಳೇ ಸೀರೆ ಆಗಬಹುದು.”

ಅವರು ಸೀರೆಯ ಬಣ್ಣ ಯೋಚಿಸುತ್ತ ಕೂತರು. ನಾನು ನಾಲ್ಕು ಕಡೆಯಿಂದ ಫೋಟೋ ತೆಗೆದು ಮೈಸೂರಿನ ನಾಣ್ಯದ ಸ್ನೇಹಿತರಿಗೆ ಕಳಿಸಿ, ಮೂರು ಸಲ ಧ್ವನಿಸಂದೇಶವನ್ನೂ ಕಳಿಸಿದೆ. ಮನೆಯಾಕೆ ಕಾಫಿ ತಂದಳು. ನಾಣ್ಯವನ್ನು ಒಂದು ಸಲ ನೋಡಿ ಒಳಗೆ ಹೋಗಿ, ಬೆರಳ ತುದಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಂದು ಎರಡು ಸಲ ಉಜ್ಜಿದಳು. ಅಚ್ಚಿನ ಬಿರುಕು ಅವಳ ಬೆರಳಿಗೆ ಅಂಟಿಕೊಂಡು ಬಂತು.

“ಹಲಸಿನ ಮೇಣ,” ಎಂದಳು. ದಲ್ಲಾಳಿಗೆ ಹಿಂದಿನ ದಿನ ಹಲಸಿನ ಹಣ್ಣು ಬಿಡಿಸಿದ್ದು ನೆನಪಾಯಿತು.

ನಾನು ಮೊಬೈಲನ್ನು ಜೇಬಿಗೆ ಸೇರಿಸಿದೆ. ಅವಳು ಬಿಡಲಿಲ್ಲ: “ಟಂಕಸಾಲೆಯವರು ಹಣ್ಣು ತಿಂದು ಕೈ ತೊಳೆದಿಲ್ಲ ಅಂತ ನಿಮ್ಮ ಮೈಸೂರಿನ ಸ್ನೇಹಿತರಿಗೆ ಇನ್ನೊಂದು ಧ್ವನಿ ಕಳಿಸಿಬಿಡಿ. ಈ ಕಣ್ಣಲ್ಲಿ ನಮ್ಮವ್ವನ ರೂಪಾಯಿ ಬೇರೆ ಪರೀಕ್ಷೆ ಮಾಡ್ತಾರಂತೆ.”

೨. ರಿಪೇರಿ

ತೂತುಕಾಸು ನಮ್ಮ ಕಡೆಯ ಅಜ್ಜಿಯರಿಗೆಲ್ಲ ಗೊತ್ತು. ಯುದ್ಧದ ಕಾಲದಲ್ಲಿ ಲೋಹ ಉಳಿಸಲು ಟಂಕಸಾಲೆಯವರೇ ಕಾಸಿನ ನಡುವೆ ತೂತು ಹಾಕಿ ಬಿಡುತ್ತಿದ್ದರು. ಮಕ್ಕಳ ಉಡಿದಾರಕ್ಕೆ ಕಟ್ಟಿದ್ದಾರೆ, ಗಾಡಿಯ ಬೋಲ್ಟಿಗೆ ವಾಷರ್ ಮಾಡಿದ್ದಾರೆ. ಎಲ್ಲೋ ಒಂದು ಕಾಸು ತೂತು ಬೀಳದೆ ತಪ್ಪಿಸಿಕೊಂಡು ಹೊರಗೆ ಬಂದಿದ್ದರೆ, ಅದನ್ನು ನೋಡಲು ನಾನು ನಡೆದುಕೊಂಡಾದರೂ ಹೋಗುವವನೇ.

ಗುಂಡ್ಲುಪೇಟೆಯಿಂದ ಫೋನು ಬಂತು. ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡುವ ಅಂಗಡಿಯವನು.

“ಸಾ, ನೀವು ಕಾಸು ನೋಡೀರಂತಲ್ಲ. ನನ್ ತಾವ ತೂತುಕಾಸು ಅದೆ. ತೂತಿಲ್ಲ.”

“ತೂತು ಇಲ್ಲವೇ ಇಲ್ಲವಾ?”

“ಒಂದು ಸೂಜಿ ತೂರಾಕಿಲ್ಲ ಸಾ.”

ಅರ್ಧ ಊಟ ಬಿಟ್ಟು ಎದ್ದೆ. ಬಸ್ಸಿನಲ್ಲಿ ಸೀಟಿಲ್ಲ, ಹೂಕೋಸಿನ ಮೂಟೆಗೆ ಒರಗಿ ನಿಂತೇ ಹೋದೆ. ದಾರಿಯುದ್ದಕ್ಕೂ ಇದನ್ನು ಮೈಸೂರಿನ ಸ್ನೇಹಿತರ ಮುಂದೆ ಯಾವ ಭಂಗಿಯಲ್ಲಿ ನಿಂತು ತೋರಿಸಬೇಕು ಅಂತಲೇ ಯೋಚನೆ. ಅಂಗಡಿಯವನು ಕೈ ಒರೆಸಿಕೊಂಡು ಒಂದು ಕಾಸನ್ನು ನನ್ನ ಅಂಗೈಗೆ ಹಾಕಿದ. ನಿಜವಾಗಿಯೂ ತೂತಿರಲಿಲ್ಲ. ತೂತು ಇರಬೇಕಾದ ಕಡೆ ಹಿತ್ತಾಳೆ ತುಂಬಿ, ಅರ ಹಾಕಿ, ನುಣ್ಣಗೆ ಉಜ್ಜಲಾಗಿತ್ತು.

“ಇದನ್ನು ಮುಚ್ಚಿದ್ಯಾರಪ್ಪ?” ಎಂದೆ. ಮೋಸ ಮಾಡಲು ಹೊರಟಿದ್ದಾನೆ ಅಂತ ಸಿಟ್ಟು ನೆತ್ತಿಗೇರಿತ್ತು.

“ನಾನೇ ಸಾ,” ಎಂದ, ಹೆಮ್ಮೆಯಿಂದ. “ನಮ್ಮಜ್ಜಿ ಪೆಟ್ಟಿಗೇಲಿ ಇದ್ದೊ. ಯಾರೋ ಪಾಪಿಗಳು ತೂತು ಹೊಡ್ದು ಹಾಳು ಮಾಡ್ಬುಟ್ಟಿದ್ರು. ತೂತಿರೋ ಕಾಸ ಯಾರು ತಕತರೆ? ಅದ್ಕೆ ರಿಪೇರಿ ಮಾಡ್ದೆ.”

ಅವನ ಮುಖ ನೋಡಿದೆ. ಮೋಸದ ಒಂದು ಎಳೆಯೂ ಇರಲಿಲ್ಲ. ಮೋಟಾರು ಸುಟ್ಟು ತಂದರೆ ಹೇಗೆ ಸರಿ ಮಾಡಿ ಕೊಡುತ್ತಾನೋ ಹಾಗೇ ಕಾಸನ್ನೂ ಸರಿ ಮಾಡಿದ್ದ. ಬಯ್ಯಲು ಬಾಯಿ ಬರಲಿಲ್ಲ. ಆ ತೂತು ಟಂಕಸಾಲೆಯವರೇ ಹಾಕಿದ್ದು, ಅದಿದ್ದರೇ ಚೆಂದ ಅಂತ ಹತ್ತು ನಿಮಿಷ ಬಿಡಿಸಿ ಹೇಳಿದೆ. ಎಲ್ಲವನ್ನೂ ಕೇಳಿ, ಮೇಜಿನ ಕೆಳಗಿನಿಂದ ಒಂದು ಎಣ್ಣೆ ಡಬ್ಬ ಎಳೆದ.

“ಮೊದ್ಲೇ ಯೋಳ್ಬಾರ್ದಾ ಸಾ. ಇನ್ನೂ ನಲವತ್ತು ರಿಪೇರಿ ಮಾಡ್ಬುಟ್ಟಿವ್ನಿ.”

೩. ಬೆಳಗಿನ ಗಾಡಿ

ಇದು ಚಿಕ್ಕದು. ಚಾಮರಾಜನಗರದಲ್ಲಿ ಟೀ ಕುಡಿಯುತ್ತ ನಿಂತಿದ್ದಾಗ ಒಬ್ಬ ಬಂದು ಕಾಗದದ ಪೊಟ್ಟಣ ಬಿಚ್ಚಿದ. ಒಳಗೆ ಒಂದು ರೂಪಾಯಿ ಬಿಲ್ಲೆ, ಹಪ್ಪಳದಷ್ಟು ತೆಳ್ಳಗೆ, ಮೊಟ್ಟೆಯಾಕಾರಕ್ಕೆ ಹಿಗ್ಗಿತ್ತು. ಅಕ್ಷರಗಳೆಲ್ಲ ಒಂದು ಕಡೆಗೆ ಓಡಿಹೋಗಿದ್ದವು.

“ಟಂಕಸಾಲೇಲಿ ಎರಡು ಸಲ ಒತ್ಬುಟ್ಟವ್ರೆ ಸಾ. ಎಷ್ಟು ಬತ್ತದೆ?”

ನಾನು ಭೂತಗನ್ನಡಿಯನ್ನು ಜೇಬಿನಿಂದ ತೆಗೆಯಲೂ ಇಲ್ಲ. “ಅಪ್ಪಾ, ಇದನ್ನು ಒತ್ತಿದ್ದು ಟಂಕಸಾಲೆ ಅಲ್ಲ. ಸಾಯಂಕಾಲದ ರೈಲು. ಹಳಿ ಮೇಲೆ ಇಟ್ಟಿದ್ದೀಯ.”

ಆತನಿಗೆ ಬಹಳ ಬೇಸರವಾಯಿತು. ಪೊಟ್ಟಣ ಮಡಿಸಿ ಜೇಬಿಗಿಟ್ಟುಕೊಂಡು, ಟೀ ಅಂಗಡಿಯವನ ಕಡೆ ತಿರುಗಿ ಹೇಳಿದ: “ಇವ್ರಿಗೇನೂ ಗೊತ್ತಿಲ್ಲ ಕಣಣ್ಣ. ಸಾಯಂಕಾಲದ ರೈಲಂತೆ. ನಾನು ಮಡಗಿದ್ದು ಬೆಳಗಿನ ಗಾಡಿಗೆ.”

೪. ಹಣೆಯ ಮೇಲಿನ ರೂಪಾಯಿ

ಇದನ್ನು ಹೇಳಲು ನನಗೆ ಈಗಲೂ ನಾಚಿಕೆ. ನಮ್ಮ ಬೀದಿಯ ಕೊನೆ ಮನೆಯ ಯಜಮಾನರು ತುಂಬು ವಯಸ್ಸಾಗಿ ತೀರಿಕೊಂಡರು. ಒಳ್ಳೆಯ ಮನುಷ್ಯ. ಈರುಳ್ಳಿ ದೋಸೆ ತಿನ್ನುತ್ತಿದ್ದವನು ಅರ್ಧಕ್ಕೇ ಎದ್ದು ಹಾರ ಹಿಡಿದು ಹೋದೆ. ಜಗಲಿಯ ಮೇಲೆ ಮಲಗಿಸಿದ್ದರು. ನಮ್ಮ ಕಡೆಯ ಪದ್ಧತಿಯಂತೆ ಹಣೆಗೆ ಒಂದು ರೂಪಾಯಿ ನಾಣ್ಯ ಅಂಟಿಸಿದ್ದರು.

ಹಾರ ಹಾಕಲು ಬಗ್ಗಿದೆ. ನಾಣ್ಯದ ಮೇಲೆ ಕಣ್ಣು ಬಿತ್ತು. ಒಂದು ಕಡೆ ಅಂಚು ಅಗಲವಾಗಿ ಖಾಲಿ, ಇನ್ನೊಂದು ಕಡೆ ಅಕ್ಷರ ಅರ್ಧಕ್ಕೇ ಕತ್ತರಿಸಿತ್ತು. ಬಿಲ್ಲೆ ಸರಿದು ಅಚ್ಚು ಬಿದ್ದ ನಾಣ್ಯ. ಇಷ್ಟು ವರ್ಷ ಚಿಲ್ಲರೆ ಕೆದಕಿದರೂ ಸಿಗದದ್ದು ಇಲ್ಲಿ, ಈ ಹೊತ್ತಿನಲ್ಲಿ, ಈ ಜಾಗದಲ್ಲಿ. ಏಳಬೇಕು ಅಂದುಕೊಂಡೆ. ಏಳಲಾಗಲಿಲ್ಲ. ಇನ್ನೂ ಬಗ್ಗಿದೆ. ಹಿಂದೆ ನಿಂತವರು ಪಿಸುಗುಟ್ಟುವುದು ಕೇಳಿಸುತ್ತಿತ್ತು: “ಪಾಪ, ಎಷ್ಟು ಪ್ರೀತಿ ನೋಡು. ಬುಟ್ಟು ಏಳಕ್ಕೇ ಮನಸಿಲ್ಲ.” ಯಾರೋ ನನ್ನ ಬೆನ್ನು ಸವರಿದರು. ನನ್ನ ಕೈ ತಾನಾಗಿಯೇ ಜೇಬಿಗೆ ಹೋಗಿ ಕನ್ನಡಿಯ ಹಿಡಿ ಮುಟ್ಟಿತು.

ತಲೆಯ ಹತ್ತಿರ ಕೂತಿದ್ದ ಅವರ ಹೆಂಡತಿಗೆ ನನ್ನ ಹುಚ್ಚು ಗೊತ್ತು. ನನಗೊಬ್ಬನಿಗೇ ಕೇಳುವಂತೆ ಹೇಳಿದರು:

“ಬೇಕಿದ್ರೆ ಆ ರೂಪಾಯಿ ತಕ್ಕಳಿ, ಬ್ಯಾರೆದು ಅಂಟುಸ್ತೀನಿ. ಅವ್ರ ಮೂತಿ ಮ್ಯಾಲೆ ಹಂಗೆ ಉಸ್ರು ಬುಡ್ಬ್ಯಾಡಿ. ಬದ್ಕಿದ್ದಾಗ್ಲೂ ಅವ್ರಿಗೆ ಈರುಳ್ಳಿ ವಾಸ್ನೆ ಆಗ್ತಿರ್ಲಿಲ್ಲ.”

೫. ಹರದನಹಳ್ಳಿಯ ಶನಿವಾರ

ಈಗ ನಮ್ಮತ್ತೆಯ ರೂಪಾಯಿಗೆ ಬರುತ್ತೇನೆ. ಅವರ ಮನೆಯವರು ಗೋಪಾಲಸ್ವಾಮಿ ಒಕ್ಕಲು. ವರ್ಷಕ್ಕೊಂದು ಸಲ, ಶ್ರಾವಣದ ಮೊದಲ ಶನಿವಾರ, ಪೂಜೆಯ ಸಾಮಾನನ್ನೆಲ್ಲ ಹಿತ್ತಲಿಗೆ ತಂದು ಹುಣಸೆಹಣ್ಣು ಹಾಕಿ ತಿಕ್ಕುತ್ತಾರೆ. ರೂಪಾಯಿಯ ಕುಂಕುಮ ಬಿಡುವುದು ಆ ದಿನ ಮಾತ್ರ. ಹಳೇ ನಾಣ್ಯವನ್ನು ತೊಳೆಯಲೇಬಾರದು ಅನ್ನುವುದು ನಮ್ಮ ವಿದ್ಯೆಯ ಮೊದಲ ಪಾಠ. ಅದನ್ನು ನಮ್ಮತ್ತೆಗೆ ಹೇಳುವ ಧೈರ್ಯ ನನಗಿಲ್ಲ. ತೊಳೆದು ಒರೆಸಿದ ಮೇಲೆ ಮತ್ತೆ ಕುಂಕುಮ ಬೀಳುವುದರೊಳಗೆ ಐದು ನಿಮಿಷ ಸಿಗುತ್ತದೆ.

ಮೊದಲ ವರ್ಷ ಬಸ್ಸು ತಡವಾಗಿ, ನಾನು ಹೋಗುವಷ್ಟರಲ್ಲಿ ಮಂಗಳಾರತಿ ಮುಗಿದಿತ್ತು. ಎರಡನೇ ವರ್ಷ ಸರಿಯಾದ ಹೊತ್ತಿಗೆ ಹೋಗಿ ಕೈ ಚಾಚಿದೆ.

“ತಿಂಡಿ ಆಯ್ತಾ ಅಳಿಯಂದ್ರೆ?” ಎಂದರು ಅತ್ತೆ.

“ಆಯ್ತತ್ತೆ. ಬಸ್ ಸ್ಟ್ಯಾಂಡಲ್ಲಿ ಎರಡು ಇಡ್ಲಿ.”

“ಹಂಗಾದ್ರೆ ಮುಟ್ಬ್ಯಾಡಿ. ಇವತ್ತು ಒಪ್ಪೊತ್ತು ಇರೋರೇ ಮುಟ್ಬೇಕು.”

ಎರಡು ಇಡ್ಲಿಗೆ ನಾನು ಒಂದು ವರ್ಷ ಕೊಟ್ಟೆ.

ಈ ಸಲ ಹಿಂದಿನ ದಿನವೇ ಹೋಗಿ ಉಳಿದು, ಬೆಳಗಾಗುತ್ತಲೇ ತಣ್ಣೀರು ಸ್ನಾನ ಮಾಡಿ, ನೀರೂ ಕುಡಿಯದೆ ಹಿತ್ತಲಲ್ಲಿ ಕೂತೆ. ಜೇಬಿನಲ್ಲಿ ಹೊಸ ಬೆಳ್ಳಿ ನಾಣ್ಯವೊಂದಿತ್ತು, ಲಕ್ಷ್ಮಿಯ ಚಿತ್ರದ್ದು, ಅಂಗಡಿಯಿಂದ ಕೊಂಡು ತಂದಿದ್ದೆ. ನನ್ನ ಲೆಕ್ಕಾಚಾರ ಸರಳ. ರೂಪಾಯಿಯಲ್ಲಿ ಹಂದಿ ಇದೆ ಅಂತ ಗೊತ್ತಾದರೆ ಅತ್ತೆ ತಾವಾಗಿಯೇ ಅದನ್ನು ದೇವರ ಗೂಡಿನಿಂದ ಆಚೆ ಹಾಕುತ್ತಾರೆ; ಆಗ ನಾನು ಈ ಲಕ್ಷ್ಮಿಯನ್ನು ಅಲ್ಲಿಟ್ಟು, ಹಂದಿಯನ್ನು ಜೇಬಿಗಿಟ್ಟುಕೊಂಡು ಬರುವುದು.

ಇದನ್ನು ಮನೆಯಾಕೆಗೆ ಹೇಳಿದಾಗ ಅವಳು ನನ್ನನ್ನು ನೋಡಿದ ರೀತಿ ಚೆನ್ನಾಗಿರಲಿಲ್ಲ. “ಅವ್ವ ಐವತ್ತು ವರ್ಷ ಅದಕ್ಕೆ ಕೈ ಮುಗಿದವಳು. ಹಂದಿಗೆ ಕೈ ಮುಗಿದೆ ಅಂತ ಗೊತ್ತಾದ್ರೆ ಕೊರಗಿ ಹಾಸಿಗೆ ಹಿಡೀತಾಳೆ. ಅವಳು ಕಣ್ಣಲ್ಲಿ ನೀರು ಹಾಕಿದರೆ ಆಮೇಲೆ ನೀವು, ನಿಮ್ಮ ಡಬ್ಬಿ, ಇಬ್ಬರೂ ಬೇರೆ ಮನೆ ನೋಡಿಕೊಳ್ಳಿ.” ಅವಳು ಹೇಳಿದ್ದು ಸರಿ ಅಂತ ನನಗೂ ಅನ್ನಿಸಿತು. ಆದರೆ ಆಸೆ ಅನ್ನುವುದು ಸರಿ ತಪ್ಪು ಕೇಳಿಕೊಂಡು ಬರುವುದಿಲ್ಲವಲ್ಲ. ಊಟವಾದ ಮೇಲೆ ಮೆಲ್ಲಗೆ ಹೇಳುತ್ತೇನೆ ಅಂತ ಮಾತು ಕೊಟ್ಟೆ.

ಅತ್ತೆ ರೂಪಾಯಿ ತೊಳೆದು ಒರೆಸಿ, ನನ್ನ ಒದ್ದೆ ತಲೆ ನೋಡಿ ತೃಪ್ತಿಪಟ್ಟು, ಕೈಗೆ ಕೊಟ್ಟರು. ಕನ್ನಡಿ ಹಿಡಿದೆ. ದೊರೆಯ ಗಡ್ಡ ಕಂಡಿತು, ನಿಲುವಂಗಿ ಕಂಡಿತು, ಅದರ ಮೇಲೆ ಎಳ್ಳಿಗಿಂತ ಒಂದಿಷ್ಟು ದೊಡ್ಡ ಪ್ರಾಣಿಯೂ ಕಂಡಿತು. ಸೊಂಡಿಲು ಇದ್ದಂತೆಯೂ ಇತ್ತು, ಇಲ್ಲದಂತೆಯೂ ಇತ್ತು. ಮೂವತ್ತು ವರ್ಷ ನಾನು ನೋಡಿದ್ದು ಚಿಟ್ಟೆಯನ್ನು, ಆನೆಯನ್ನಲ್ಲ.

ಪುಣ್ಯಕ್ಕೆ ನನ್ನ ಬಾಮೈದ ರಜೆಯಲ್ಲಿ ಬಂದಿದ್ದ. ಬಂಡೀಪುರದ ಕಾಡಿನಲ್ಲಿ ವಾಚರು. ಅರ್ಧ ಹೆಜ್ಜೆಗುರುತು ನೋಡಿ ಪ್ರಾಣಿ ಯಾವುದು, ಯಾವಾಗ ಹೋಯಿತು, ಹೊಟ್ಟೆ ತುಂಬಿತ್ತೋ ಇಲ್ಲವೋ ಎಲ್ಲ ಹೇಳುವವನು. ಪಕ್ಕಕ್ಕೆ ಕರೆದು ಕನ್ನಡಿ ಕೊಟ್ಟೆ. ಅವನೂ ಉಪವಾಸವೇ. ನೀರಿನ ಗುಂಡಿಯ ಹತ್ತಿರ ಹೊಂಚು ಹಾಕಿ ಕೂರುವ ಹಾಗೆ ಉಸಿರು ಬಿಗಿಹಿಡಿದು ಕುಕ್ಕರುಗಾಲಲ್ಲಿ ಕೂತು ನೋಡಿದ.

“ಭಾವ, ಬೆನ್ನು ನೋಡಿ. ಕತ್ತು ಅನ್ನಾದೇ ಇಲ್ಲ. ಮೂತಿ ಚೂಪಾಗಿ ಅದೆ, ನೆಲ ಮೂಸ್ತಾ ಅದೆ. ಆನೆ ಇಂಗೆ ನಿಂತ್ಕಳಾಕಿಲ್ಲ.”

“ಖಂಡಿತವಾ?”

“ರೇಂಜರ್ ಸಾಹೇಬ್ರ ಮುಂದೆ ಬೇಕಾದ್ರೂ ಯೋಳ್ತಿನಿ. ಕಾಡಂದಿ. ಗಂಡು.”

ನನಗೆ ಅವನನ್ನು ಎತ್ತಿ ಕುಣಿಸಬೇಕು ಅನ್ನಿಸಿತು. ಅಷ್ಟರಲ್ಲಿ ಅವನು, ಆನೆ ಬಂದಾಗ ಊರಿಗೆಲ್ಲ ಕೂಗಿ ಹೇಳುವ ಅದೇ ಗಂಟಲಲ್ಲಿ, ಹಿತ್ತಲಿನ ಕಡೆ ತಿರುಗಿ ಕೂಗಿದ: “ಅವ್ವೋ, ನಿನ್ ದೇವ್ರ ರೂಪಾಯ್ಲಿ ಹಂದಿ ಅದಂತೆ ಬಾ.”

ತಿಕ್ಕುವ ಸದ್ದು ನಿಂತಿತು. ಮನೆಯಾಕೆ ಅಡುಗೆ ಮನೆಯ ಬಾಗಿಲಲ್ಲಿ ಬಂದು ನಿಂತಳು. ಅತ್ತೆ ಹುಣಸೆಹಣ್ಣಿನ ಕೈಯಲ್ಲೇ ಬಂದರು.

“ದಿಟವಾ ಅಳಿಯಂದ್ರೆ?”

“ದಿಟ ಅತ್ತೆ,” ಎಂದೆ. “ಆಗಿನ ಸರ್ಕಾರದವರೇ ಹೆದರಿ ವಾಪಸು ತಗೊಂಡಿದ್ದರು.” ಹೇಳುತ್ತಲೇ ಬೆಳ್ಳಿ ಲಕ್ಷ್ಮಿಗಾಗಿ ಜೇಬಿಗೆ ಕೈ ಹಾಕಿದೆ.

ಅತ್ತೆ ಕೈ ತೊಳೆದು, ಕನ್ನಡಿ ಇಸಿದುಕೊಂಡು, ರೂಪಾಯಿಯನ್ನು ಬಿಸಿಲಿಗೆ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು. ಅವರ ಕಣ್ಣಲ್ಲಿ ನೀರು ತುಂಬಿತು. ಮನೆಯಾಕೆ ನನ್ನತ್ತ ನೋಡಿದಳು. ಆ ಗಳಿಗೆಯಲ್ಲಿ ರೂಪಾಯಿ ಹಾಳಾಗಿ ಹೋಗಲಿ, ಆನೆ ಅಂದುಬಿಡಬೇಕಿತ್ತು ಅನ್ನಿಸಿತು.

ಅತ್ತೆ ರೂಪಾಯಿಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು.

“ವರಾಹಸ್ವಾಮಿ,” ಎಂದರು. “ಐವತ್ತು ವರ್ಸದಿಂದ ನನ್ ಗೂಡಲ್ಲೇ ಕುಂತಿದ್ದು ಒಂದು ಮಾತೂ ಯೋಳ್ದೆ ಇದ್ಬುಟ್ಯಲ್ಲಪ್ಪ.”

ನಾನು ಜೇಬಿನಲ್ಲಿ ಕೈ ಇಟ್ಟುಕೊಂಡೇ ನಿಂತೆ. ಕೊನೆಯ ಪ್ರಯತ್ನ ಮಾಡಿದೆ. “ಅತ್ತೆ, ಅದು ವರಾಹ ಅಲ್ಲ. ಆನೆ ಕೆತ್ತೋದಕ್ಕೆ ಹೋಗಿ, ಕೆತ್ತೋನು ಕೈ ತಪ್ಪಿ ಹಂದಿ ಮಾಡಿದ್ದಾನೆ. ಟಂಕಸಾಲೆಯ ತಪ್ಪು.”

“ಅವನ ಕೈ ತಪ್ಸಿದ್ದು ಯಾರು?” ಎಂದರು ಅತ್ತೆ.

ಬಾಮೈದ, ಕಾಡಂದಿಯನ್ನು ಮನೆಯಲ್ಲಿ ಇಟ್ಟುಕೊಳ್ಳಲು ಇಲಾಖೆಯ ಪರ್ಮಿಷನ್ ಬೇಕಾಗುತ್ತದೆ ಅಂತ ಏನೋ ಹೇಳಲು ಹೋಗಿ ಬೈಸಿಕೊಂಡ.

“ಜೋಬಲ್ಲೇನು ಹಿಡ್ಕಂಡಿದ್ದೀರಿ?” ಎಂದು ಅತ್ತೆ ನನ್ನ ಕೈ ಹೊರಗೆ ತೆಗೆಸಿದರು. ಬೆಳ್ಳಿಯ ಲಕ್ಷ್ಮಿ ಮಿರಮಿರ ಮಿಂಚಿದಳು. ಅವರಿಗೆ ಇನ್ನೊಂದು ಸಲ ಕಣ್ಣು ತುಂಬಿ ಬಂತು. “ಸ್ವಾಮಿ ಇಲ್ಲಿ ಒಂಟಿ ಅವ್ನೆ ಅಂತ ನಿಮಗೆ ಮೊದ್ಲೇ ಗೊತ್ತಿತ್ತು. ಜೋಡಿ ಕರ್ಕಂಡೇ ಬಂದಿದ್ದೀರಿ. ನನ್ ಮಗಳ ಪುಣ್ಯ.” ಮಗಳು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ದುಃಖಕ್ಕಲ್ಲ ಅಂತ ಅವಳ ಭುಜ ಕುಲುಕುವುದರಲ್ಲೇ ಗೊತ್ತಾಗುತ್ತಿತ್ತು.

ಹಾಗೆ ನನ್ನ ಲಕ್ಷ್ಮಿಯೂ ಹೋದಳು. ವೀಳ್ಯದೆಲೆಯ ಮೇಲೆ ಹಂದಿಯ ಪಕ್ಕ ಅವಳನ್ನು ಕೂರಿಸಿ ತೆಂಗಿನಕಾಯಿ ಒಡೆದರು. ಈ ಸಲ ಕುಂಕುಮವನ್ನು ಅಂಚಿಗೆ ಮಾತ್ರ ಇಟ್ಟರು, ಸ್ವಾಮಿಯ ಮುಖ ಕಾಣಬೇಕಲ್ಲ. ಮಧ್ಯಾಹ್ನದ ಹೊತ್ತಿಗೆ ಬೀದಿಯವರೆಲ್ಲ ಹಣ್ಣುಕಾಯಿ ಹಿಡಿದು ಬಂದರು. ಬರಿಗಣ್ಣಿಗೆ ಸ್ವಾಮಿ ಕಾಣುವುದಿಲ್ಲವಾದ್ದರಿಂದ ನನ್ನನ್ನು ದೇವರ ಗೂಡಿನ ಮುಂದೆ ಮಣೆಯ ಮೇಲೆ ಕೂರಿಸಿ, ಬಂದವರ ಕಣ್ಣಿಗೆ ಕನ್ನಡಿ ಹಿಡಿಯುವ ಕೆಲಸ ಕೊಟ್ಟರು. ದರ್ಶನ ಮಾಡಿಸುವವನು ಎಲ್ಲರ ದರ್ಶನ ಮುಗಿಯುವವರೆಗೆ ಉಣ್ಣುವಂತಿಲ್ಲವಂತೆ. ಒಳಗಿನಿಂದ ಸಾರಿನ ಒಗ್ಗರಣೆ ವಾಸನೆ ಬರುತ್ತಿತ್ತು.

ಪಕ್ಕದ ಮನೆಯ ಹೆಂಗಸೊಬ್ಬರು ಬಂದು ಕೂತು, ಕನ್ನಡಿಯಲ್ಲಿ ಹಿಂದೆ ಮುಂದೆ ಸರಿದು ನೋಡಿ, ಅತ್ತೆಯ ಕಡೆ ತಿರುಗಿದರು.

“ನಂಗೆ ಆನೆಮರಿ ಥರ ಕಾಣ್ತದಲ್ಲಕ್ಕ.”

ನನಗೆ ಹೋದ ಜೀವ ಬಂತು; ಆನೆ ಅಂತಾದರೆ ಈ ದರ್ಶನವೂ ಮುಗಿಯಿತು, ಊಟವೂ ಸಿಕ್ಕಿತು. ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಹೇಳಿದರು:

“ನಿಂಗೆ ಭಕ್ತಿ ಸಾಲ್ದು ಕಣಮ್ಮಿ, ಅದ್ಕೇ ಆನೆ ಕಾಣ್ತದೆ. ಅಳಿಯಂದ್ರೆ, ಅವಳ್ಗೆ ಇನ್ನೊಂದ್ಸಲ ಸರ್ಯಾಗಿ ಹಂದಿ ತೋರ್ಸಿ.”